ಗಳಿಸಿದ ಅಂಕ, ಉಳಿಸಿದ ಅಂಕ

ವಿದ್ಯಾರ್ಥಿದೆಸೆಯಲ್ಲಿ ನಾನು ಬ್ಯಾಸ್ಕೆಟ್‌ಬಾಲ್ ಆಟಗಾರನಾಗಿರಲಿಲ್ಲ. ಆಟದ ಲೆಕ್ಕ ಬರೆಯುವವನಾಗಿದ್ದೆ. ಅಂಕಣದ ಪಕ್ಕದ ಮೇಜಿನ ಮುಂದೆ ಕುಳಿತು, ಯಾರು ಚೆಂಡನ್ನು ಬುಟ್ಟಿಗೆ ಹಾಕಿದರು, ಯಾರು ಫೌಲ್ ಮಾಡಿದರು ಎಂಬುದನ್ನು ಹಾಳೆಯಲ್ಲಿ ಗುರುತಿಸುವುದು ನನ್ನ ಪಾಲಿಗೆ ಬಂದ ಕೆಲಸ. ನಮ್ಮ ಕಾಲೇಜಿನ ತಂಡದಲ್ಲಿ ಒಬ್ಬ ಎತ್ತರದ ಹುಡುಗನಿದ್ದ. ಮಾತು ಕಡಿಮೆ, ಬುಟ್ಟಿಗೆ ಚೆಂಡು ಹಾಕುವುದೂ ಕಡಿಮೆಯೇ. ಆದರೆ ಅವನು ಬುಟ್ಟಿಯ ಕೆಳಗೆ ಕೈಯೆತ್ತಿ ನಿಂತನೆಂದರೆ ಎದುರಾಳಿಗಳು ಒಳನುಗ್ಗಲು ಅಳುಕುತ್ತಿದ್ದರು. ದೂರದಿಂದಲೇ ಎಸೆದು ಗುರಿ ತಪ್ಪುತ್ತಿದ್ದರು. ಆ ವರ್ಷದ ಅಂತರಕಾಲೇಜು ಪಂದ್ಯಾವಳಿ ಮುಗಿದ ಮೇಲೆ ವಿಶ್ವವಿದ್ಯಾನಿಲಯದ ತಂಡವನ್ನು ಆರಿಸುವವರು ನನ್ನ ಹಾಳೆಗಳನ್ನು ತರಿಸಿಕೊಂಡು ನೋಡಿದರು. 5 ಪಂದ್ಯಗಳಲ್ಲಿ ಅವನ ಹೆಸರಿನ ಮುಂದೆ ಇದ್ದದ್ದು ಒಟ್ಟು 14 ಅಂಕ. ಅವನು ಆಯ್ಕೆಯಾಗಲಿಲ್ಲ. ನಾನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಆ ಹುಡುಗನಿಗೆ ಅನ್ಯಾಯವಾಯಿತೆಂಬ ಕಸಿವಿಸಿ, ಅದರಲ್ಲಿ ನನ್ನ ಪೆನ್ಸಿಲಿನ ಪಾಲೂ ಇತ್ತೆಂಬ ಅಳುಕು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಒಬ್ಬ ಆಟಗಾರನ ಆಕ್ರಮಣವನ್ನೂ ರಕ್ಷಣೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸಾಧ್ಯವೇ? ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಎನ್‌ಬಿಎಯ ಆಟಗಳನ್ನು ಅಧ್ಯಯನ ಮಾಡುವ ಸಂಖ್ಯಾಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಹಲವು ವರ್ಷಗಳಿಂದ ಬಿಡಿಸುತ್ತ ಬಂದಿದ್ದಾರೆ. ಅವರು ಕಂಡುಕೊಂಡ ಉತ್ತರವನ್ನೂ ಆ ಉತ್ತರದ ಮಿತಿಯನ್ನೂ ತಮ್ಮ ಮುಂದೆ ಇಡುವುದು ಈ ಮಾತುಗಳ ಉದ್ದೇಶ.

ಕ್ರಿಕೆಟ್ ಬಲ್ಲವರಿಗೆ ತೊಡಕು ಎಲ್ಲಿದೆಯೆಂಬುದು ಬೇಗ ಹೊಳೆದೀತು. ಕ್ರಿಕೆಟ್ಟಿನಲ್ಲಿ ಬ್ಯಾಟುಗಾರನ ಲೆಕ್ಕಕ್ಕೆ ಒಂದು ಪಟ್ಟಿ, ಬೌಲರನ ಲೆಕ್ಕಕ್ಕೆ ಇನ್ನೊಂದು. ರನ್ನು ತಡೆದ ಬೌಲರನ ಹೆಸರೂ ಮರುದಿನ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಬ್ಯಾಸ್ಕೆಟ್‌ಬಾಲಿನಲ್ಲಿ ಹಾಗಲ್ಲ. ಆಕ್ರಮಣ ಮಾಡುವ ಐವರೇ ಮರುಕ್ಷಣ ಓಡಿ ಬಂದು ರಕ್ಷಣೆಗೆ ನಿಲ್ಲಬೇಕು. ಆಕ್ರಮಣದ ಫಲ ಬುಟ್ಟಿಯಲ್ಲಿ ಬಿದ್ದ ಚೆಂಡು. ಅದನ್ನು ಎಲ್ಲರೂ ಕಾಣುತ್ತಾರೆ. ರಕ್ಷಣೆಯ ಫಲವಾದರೋ ಬೀಳದೆ ಹೋದ ಚೆಂಡು. ನಡೆದ ಘಟನೆಯನ್ನು ಎಣಿಸುವುದು ಸುಲಭ. ನಡೆಯದೆ ಹೋದದ್ದನ್ನು ಎಣಿಸುವುದು ಹೇಗೆ?

ಇದಕ್ಕೆ 1961-62ರ ಸಾಲು ಪ್ರಸಿದ್ಧ ನಿದರ್ಶನ. ಆ ವರ್ಷ ಫಿಲಡೆಲ್ಫಿಯ ವಾರಿಯರ್ಸ್ ತಂಡದ ವಿಲ್ಟ್ ಚೇಂಬರ್ಲಿನ್ ಪಂದ್ಯವೊಂದಕ್ಕೆ ಸರಾಸರಿ 50.4 ಅಂಕ ಗಳಿಸಿದರು. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ ಅವರು ಗಳಿಸಿದ್ದು 100 ಅಂಕ. ಆದರೆ ವರ್ಷದ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ದೊರೆತದ್ದು ಬಾಸ್ಟನ್ ಸೆಲ್ಟಿಕ್ಸ್ ತಂಡದ ಬಿಲ್ ರಸೆಲ್ ಅವರಿಗೆ. ಅವರ ಸರಾಸರಿ 19 ಅಂಕಗಳನ್ನೂ ಮುಟ್ಟಿರಲಿಲ್ಲ. ಆ ಕಾಲದಲ್ಲಿ ಪ್ರಶಸ್ತಿಗೆ ಮತ ಹಾಕುತ್ತಿದ್ದವರು ಸ್ವತಃ ಆಟಗಾರರು. ರಸೆಲ್ ಅವರ ತೋಳಿನ ನೆರಳಿನಲ್ಲಿ ಆಡಿ ಕಷ್ಟಪಟ್ಟವರಿಗೆ ಅವರ ಬೆಲೆ ತಿಳಿದಿತ್ತು, ಅಂಕಪಟ್ಟಿಗೆ ತಿಳಿದಿರಲಿಲ್ಲ. ಚೆಂಡನ್ನು ಗಾಳಿಯಲ್ಲೇ ತಡೆಯುವ ಬ್ಲಾಕನ್ನೂ ಕೈಯಿಂದ ಕಸಿಯುವ ಸ್ಟೀಲನ್ನೂ ಎನ್‌ಬಿಎ ಅಧಿಕೃತವಾಗಿ ಎಣಿಸಲು ತೊಡಗಿದ್ದು 1973-74ರಲ್ಲಿ. ರಸೆಲ್ 1969ರಲ್ಲೇ ನಿವೃತ್ತರಾಗಿದ್ದರು. 13 ವರ್ಷ ಆಡಿ 11 ಬಾರಿ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟ ಆ ಮಹಾರಕ್ಷಕ ಒಟ್ಟು ಎಷ್ಟು ಚೆಂಡು ತಡೆದರೆಂಬುದಕ್ಕೆ ಅಧಿಕೃತ ದಾಖಲೆಯೇ ಇಲ್ಲ.

ಬ್ಲಾಕು, ಸ್ಟೀಲುಗಳನ್ನು ಎಣಿಸಿದ ಮಾತ್ರಕ್ಕೆ ರಕ್ಷಣೆಯ ತೂಕ ಸಿಕ್ಕಿತೇ? ಅದೂ ಇಲ್ಲ. ಚೆಂಡು ಕಸಿಯುವ ಆಸೆಯಿಂದ ಮುನ್ನುಗ್ಗುವವನು ಹತ್ತು ಸಲದಲ್ಲಿ ಎರಡು ಸಲ ಗೆದ್ದಾನು. ಉಳಿದ ಎಂಟು ಸಲ ಅವನ ಬೆನ್ನ ಹಿಂದೆ ಬಾಗಿಲು ತೆರೆದಿರುತ್ತದೆ. ಹಾಳೆ ಆ ಎರಡನ್ನು ಬರೆದುಕೊಳ್ಳುತ್ತದೆ, ಎಂಟನ್ನು ಬರೆದುಕೊಳ್ಳುವುದಿಲ್ಲ. ತಡೆದ ಚೆಂಡನ್ನು ಆರ್ಭಟದಿಂದ ಅಂಕಣದ ಹೊರಗೆ ಅಟ್ಟಿದರೆ ಅದು ಮತ್ತೆ ಎದುರಾಳಿಗೇ ಸೇರುತ್ತದೆ. ರಸೆಲ್ ಅದನ್ನು ಅಂಕಣದೊಳಗೇ ಉಳಿಸಿ, ತನ್ನವರ ಕೈಸೇರುವಂತೆ ತಟ್ಟುವುದರಲ್ಲಿ ನಿಪುಣರಾಗಿದ್ದರು. ಎಣಿಕೆಯಲ್ಲಿ ಮಾತ್ರ ಎರಡೂ ಒಂದೊಂದೇ ಬ್ಲಾಕು.

ಆದ್ದರಿಂದ ಸಂಖ್ಯಾಶಾಸ್ತ್ರಜ್ಞರು ಬೇರೆ ದಾರಿ ಹಿಡಿದರು. ಮೊದಲು ಅವರು ಸರಿಪಡಿಸಿದ್ದು ಅಳತೆಗೋಲನ್ನು. ಚೆಂಡು ಒಂದು ತಂಡದ ವಶಕ್ಕೆ ಬಂದಾಗಿನಿಂದ ಎದುರಾಳಿಯ ವಶವಾಗುವವರೆಗಿನ ಆಟವನ್ನು ಒಂದು ಸರದಿ ಎನ್ನೋಣ. ವೇಗವಾಗಿ ಆಡುವ ತಂಡದ ಪಂದ್ಯದಲ್ಲಿ ಸರದಿಗಳು ಹೆಚ್ಚು, ನಿಧಾನವಾಗಿ ಆಡುವವರಲ್ಲಿ ಕಡಿಮೆ. ಒಂದು ತಂಡ 110 ಸರದಿಗಳಲ್ಲಿ 110 ಅಂಕ ಬಿಟ್ಟುಕೊಟ್ಟಿತು, ಇನ್ನೊಂದು 92 ಸರದಿಗಳಲ್ಲಿ 100 ಅಂಕ ಬಿಟ್ಟುಕೊಟ್ಟಿತು ಎಂದಿಟ್ಟುಕೊಳ್ಳಿ. ಮೇಲ್ನೋಟಕ್ಕೆ ಎರಡನೆಯದೇ ಗಟ್ಟಿ ರಕ್ಷಣೆ. ಆದರೆ 100 ಸರದಿಗಳಿಗೆ ಲೆಕ್ಕ ಹಾಕಿದರೆ ಮೊದಲನೆಯದು ತೆತ್ತದ್ದು 100, ಎರಡನೆಯದು ಸುಮಾರು 109. ಡೀನ್ ಆಲಿವರ್ 2004ರಲ್ಲಿ ಪ್ರಕಟಿಸಿದ ಗ್ರಂಥ ಈ ಅಳತೆಯನ್ನು ವ್ಯಾಪಕವಾಗಿ ಬಳಕೆಗೆ ತಂದಿತು. ಇದರಿಂದ ಆಕ್ರಮಣ, ರಕ್ಷಣೆಗಳೆರಡಕ್ಕೂ ಒಂದೇ ನಾಣ್ಯ ದೊರೆಯಿತು: 100 ಸರದಿಗಳಲ್ಲಿ ಗಳಿಸಿದ್ದೆಷ್ಟು, ತೆತ್ತದ್ದೆಷ್ಟು?

ಇದು ತಂಡದ ಲೆಕ್ಕವಾಯಿತು. ಅದರಲ್ಲಿ ಒಬ್ಬ ಆಟಗಾರನ ಪಾಲನ್ನು ಬೇರ್ಪಡಿಸುವುದು ಹೇಗೆ? ಅವನು ಅಂಕಣದಲ್ಲಿದ್ದಾಗ ಏನಾಯಿತು, ಹೊರಗೆ ಕುಳಿತಾಗ ಏನಾಯಿತು ಎಂದು ಹೋಲಿಸುವುದು ಸರಳ ಉಪಾಯ. ಆದರೆ ಅದರಲ್ಲೊಂದು ಮೋಸವಿದೆ. ಸದಾ ಶ್ರೇಷ್ಠರ ಜೊತೆಯಲ್ಲೇ ಆಡುವ ಸಾಧಾರಣ ಆಟಗಾರನೂ ಈ ಲೆಕ್ಕದಲ್ಲಿ ಶ್ರೇಷ್ಠನಾಗಿ ತೋರುತ್ತಾನೆ. ಹೂವಿನ ಜೊತೆಗೆ ನಾರೂ ಸ್ವರ್ಗಕ್ಕೆ ಹೋಯಿತೆಂಬ ನಮ್ಮ ಗಾದೆ ಇಂಥವನನ್ನು ಕುರಿತದ್ದೇ ಇರಬೇಕು.

ಈ ಮೋಸವನ್ನು ನಿವಾರಿಸುವ ಗಣಿತವನ್ನು ದಿನಸಿ ಅಂಗಡಿಯ ಚೀಟಿಯಿಂದ ವಿವರಿಸಬಹುದು. ಒಬ್ಬರು 2 ಕಿಲೋ ಸಕ್ಕರೆ, 1 ಕಿಲೋ ಬೇಳೆ ಕೊಂಡು 230 ರೂಪಾಯಿ ತೆತ್ತರು. ಇನ್ನೊಬ್ಬರು 1 ಕಿಲೋ ಸಕ್ಕರೆ, 1 ಕಿಲೋ ಬೇಳೆ ಕೊಂಡು 185 ರೂಪಾಯಿ ತೆತ್ತರು. ಚೀಟಿಯಲ್ಲಿ ಬಿಡಿ ಬೆಲೆ ಬರೆದಿಲ್ಲ. ಆದರೂ ಕಿಲೋ ಸಕ್ಕರೆಗೆ 45, ಬೇಳೆಗೆ 140 ಎಂದು ಯಾರಾದರೂ ಹೇಳಬಲ್ಲರು. ಬ್ಯಾಸ್ಕೆಟ್‌ಬಾಲಿನಲ್ಲಿ ಆಟಗಾರರು ಬದಲಾಗುತ್ತಲೇ ಇರುತ್ತಾರೆ. ಒಂದು ಬದಲಾವಣೆಯಿಂದ ಮುಂದಿನ ಬದಲಾವಣೆಯವರೆಗಿನ ಆಟವೇ ಒಂದು ಚೀಟಿ. ಅಂಕಣದಲ್ಲಿದ್ದ ಹತ್ತು ಮಂದಿಯೇ ಸಾಮಾನುಗಳು. ಆ ಅವಧಿಯಲ್ಲಿ ಆದ ಅಂಕಗಳೇ ಒಟ್ಟು ಮೊತ್ತ. ಒಂದು ಸಾಲಿನಲ್ಲಿ ಇಂಥ ಸಾವಿರಾರು ಚೀಟಿಗಳು ದೊರೆಯುತ್ತವೆ. ರಿಗ್ರೆಷನ್ ಎಂಬ ವಿಧಾನದಿಂದ ಅವನ್ನೆಲ್ಲ ಒಟ್ಟಿಗೆ ಬಿಡಿಸಿದರೆ ಪ್ರತಿ ಆಟಗಾರನಿಗೂ ಎರಡು ಬೆಲೆ ಸಿಗುತ್ತವೆ: ಅವನಿಂದ ತಂಡದ ಗಳಿಕೆ ಎಷ್ಟು ಏರಿತು, ಎದುರಾಳಿಯ ಗಳಿಕೆ ಎಷ್ಟು ಇಳಿಯಿತು. ಇಂಡಿಯಾನಾದ ವೇಯ್ನ್ ವಿನ್‌ಸ್ಟನ್ ಮತ್ತು ಜೆಫ್ ಸಗರಿನ್ ಡಲ್ಲಾಸ್ ತಂಡಕ್ಕಾಗಿ ಈ ಬಗೆಯ ಲೆಕ್ಕ ಮಾಡಿಕೊಟ್ಟರು. 2004ರಲ್ಲಿ ಅರ್ಥಶಾಸ್ತ್ರಜ್ಞ ಡ್ಯಾನ್ ರೋಸೆನ್‌ಬಾಮ್ ಇದರ ವಿಧಾನವನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದರು.

ಅಂಗಡಿಯ ಚೀಟಿಯಲ್ಲೂ ಒಂದು ಕಷ್ಟ ಬರಬಹುದು. ಬೇಳೆ ಕೊಂಡವರೆಲ್ಲ ಅಷ್ಟೇ ತೂಕದ ಹುಣಿಸೆಹಣ್ಣನ್ನೂ ಕೊಂಡಿದ್ದರೆ, ಎರಡರ ಬೆಲೆಯನ್ನು ಬೇರ್ಪಡಿಸಲಾಗದು. ಸದಾ ಜೊತೆಯಾಗಿಯೇ ಆಡುವ ಇಬ್ಬರು ಆಟಗಾರರ ವಿಷಯವೂ ಹೀಗೆಯೇ. ಗಣಿತ ಒಬ್ಬನನ್ನು ಆಕಾಶಕ್ಕೇರಿಸಿ ಇನ್ನೊಬ್ಬನನ್ನು ಪಾತಾಳಕ್ಕೆ ತಳ್ಳಿಬಿಡುತ್ತದೆ. ಇದಕ್ಕೆ 2010ರಲ್ಲಿ ಜೋಸೆಫ್ ಸಿಲ್ ಒಂದು ಪರಿಹಾರ ಮಂಡಿಸಿದರು. ಸಾಕ್ಷ್ಯ ಕಡಿಮೆಯಿದ್ದಷ್ಟೂ ಆಟಗಾರನ ಬೆಲೆಯನ್ನು ಸರಾಸರಿಯ ಕಡೆಗೆ ಎಳೆದಿಡಬೇಕೆಂಬುದು ಅದರ ತಿರುಳು. ವಿವೇಕಿಯಾದ ನ್ಯಾಯಾಧೀಶ ಅರೆಸಾಕ್ಷ್ಯದ ಮೇಲೆ ಕಠಿಣ ತೀರ್ಪು ಕೊಡದಿರುವಂತೆ ಇದು.

ಇಂಥ ಲೆಕ್ಕಗಳಿಂದ ಹಲವು ಮೌನ ಆಟಗಾರರಿಗೆ ನ್ಯಾಯ ಸಿಕ್ಕಿತು. ಹೂಸ್ಟನ್ ತಂಡದ ಶೇನ್ ಬ್ಯಾಟಿಯರ್ ಅವರನ್ನು ಕುರಿತು ಲೇಖಕ ಮೈಕೆಲ್ ಲೂಯಿಸ್ 2009ರಲ್ಲಿ ಬರೆದ ಲೇಖನ ಪ್ರಸಿದ್ಧವಾಗಿದೆ. ಆಗ ಬ್ಯಾಟಿಯರ್ ಪಂದ್ಯಕ್ಕೆ ಹತ್ತು ಅಂಕಗಳನ್ನೂ ಗಳಿಸುತ್ತಿರಲಿಲ್ಲ. ಆದರೆ ಅವರು ಅಂಕಣದಲ್ಲಿದ್ದಾಗ ತಂಡ ಮೇಲುಗೈ ಪಡೆಯುತ್ತಿತ್ತು. ಕೋಬಿ ಬ್ರಯಂಟ್ ಅವರಂಥ ಮಹಾ ಆಟಗಾರರನ್ನು ತಡೆಯಲಾಗದೆಂಬುದು ಅವರಿಗೆ ಗೊತ್ತಿತ್ತು. ಅವರ ಎಸೆತ ಅತಿ ಕಡಿಮೆ ಫಲ ಕೊಡುವ ಜಾಗ ಯಾವುದೆಂದು ಓದಿಕೊಂಡು, ಅಲ್ಲಿಗೇ ಅವರನ್ನು ಒಯ್ದು, ಕಣ್ಣಿಗೆ ಅಡ್ಡವಾಗಿ ಕೈಯೊಡ್ಡುತ್ತಿದ್ದರು. ಇದು ಬ್ಲಾಕೂ ಅಲ್ಲ, ಸ್ಟೀಲೂ ಅಲ್ಲ. ಆದರೂ ಅಂಕ ಉಳಿಯುತ್ತಿತ್ತು.

ಹಾಗಾದರೆ ಆಕ್ರಮಣ ಹೆಚ್ಚೋ ರಕ್ಷಣೆ ಹೆಚ್ಚೋ? ಗಳಿಸಿದ ಒಂದು ಅಂಕವೂ ಉಳಿಸಿದ ಒಂದು ಅಂಕವೂ ಗೆಲುವಿನ ದೃಷ್ಟಿಯಿಂದ ಸಮ. ಆದರೆ ಒಬ್ಬ ವ್ಯಕ್ತಿ ಒಂಟಿಯಾಗಿ ಎಷ್ಟು ಗಳಿಸಿಕೊಡಬಲ್ಲ, ಎಷ್ಟು ಉಳಿಸಿಕೊಡಬಲ್ಲ ಎಂದು ಕೇಳಿದರೆ ಉತ್ತರ ಸಮವಲ್ಲ. ಅತ್ಯುತ್ತಮ ಆಕ್ರಮಣಕಾರರ ಬೆಲೆ ಸಾಮಾನ್ಯವಾಗಿ ಅತ್ಯುತ್ತಮ ರಕ್ಷಕರ ಬೆಲೆಗಿಂತ ಹೆಚ್ಚೆಂದು ಈ ಅಂದಾಜುಗಳು ತೋರಿಸುತ್ತವೆ. ಕಾರಣ ಸರಳ. ಆಕ್ರಮಣದಲ್ಲಿ ಚೆಂಡನ್ನು ಯಾರ ಕೈಗೆ ಕೊಡಬೇಕೆಂಬುದು ನಮ್ಮ ಇಚ್ಛೆ. ಉತ್ತಮನಿಗೆ ಮತ್ತೆ ಮತ್ತೆ ಕೊಡಬಹುದು. ರಕ್ಷಣೆಯಲ್ಲಿ ಎಲ್ಲಿ ನುಗ್ಗಬೇಕೆಂಬುದು ಎದುರಾಳಿಯ ಇಚ್ಛೆ. ಕೆರೆಯ ಏರಿ ಒಂದು ಕಡೆ ಎಷ್ಟೇ ಭದ್ರವಾಗಿರಲಿ, ನೀರು ನುಗ್ಗುವುದು ಬಿರುಕಿರುವ ಕಡೆಗೆ. ಸ್ಟೀವ್ ನ್ಯಾಷ್ ರಕ್ಷಣೆಯಲ್ಲಿ ದುರ್ಬಲರೆಂದೇ ಹೆಸರಾಗಿದ್ದವರು. ಆದರೂ ಅವರು ಫೀನಿಕ್ಸ್ ತಂಡವನ್ನು ಸೇರಿದ 2004-05ರಲ್ಲಿ, ಹಿಂದಿನ ವರ್ಷ 82 ಪಂದ್ಯಗಳಲ್ಲಿ 29ನ್ನು ಮಾತ್ರ ಗೆದ್ದಿದ್ದ ಆ ತಂಡ 62ನ್ನು ಗೆದ್ದಿತು. ಅದೆಲ್ಲ ಅವರೊಬ್ಬರ ಸಾಧನೆಯಲ್ಲ. ಆದರೆ ಆಕ್ರಮಣದ ಸೂತ್ರ ಅವರ ಕೈಯಲ್ಲಿತ್ತು.

ಇದಕ್ಕೆ ದೊಡ್ಡ ಅಪವಾದ ಬುಟ್ಟಿಯ ಕೆಳಗೆ ನಿಲ್ಲುವ ರಕ್ಷಕ. ಬಿರುಕು ಎಲ್ಲೇ ಇರಲಿ, ನೀರು ಕೊನೆಗೆ ಸೇರಬೇಕಾದದ್ದು ಅವನ ಬಳಿಗೆ. ಸಹಆಟಗಾರರ ತಪ್ಪುಗಳನ್ನೆಲ್ಲ ತಿದ್ದುವವನು ಅವನೇ. ರಸೆಲ್ ಹಾಗಿದ್ದರು. ನಮ್ಮ ಕಾಲದಲ್ಲಿ 2018, 2019, 2021, 2024ರಲ್ಲಿ ನಾಲ್ಕು ಬಾರಿ ವರ್ಷದ ರಕ್ಷಕನೆನಿಸಿದ ರೂಡಿ ಗೋಬೇರ್ ಹಾಗಿದ್ದಾರೆ.

ಗೋಬೇರ್ ಅವರ ಕಥೆಯಲ್ಲೇ ಈ ಶಾಸ್ತ್ರದ ಮಿತಿಯೂ ಕಾಣುತ್ತದೆ. 2013-14ರಿಂದ ಎನ್‌ಬಿಎಯ ಎಲ್ಲ ಕ್ರೀಡಾಂಗಣಗಳ ಛಾವಣಿಯಲ್ಲಿ ಕ್ಯಾಮೆರಾಗಳು ನೆಲೆಗೊಂಡು, ಸೆಕೆಂಡಿಗೆ 25 ಬಾರಿ ಪ್ರತಿಯೊಬ್ಬರೂ ನಿಂತ ಜಾಗವನ್ನು ದಾಖಲಿಸತೊಡಗಿದವು. ಎಸೆತದ ವೇಳೆ ಯಾವ ರಕ್ಷಕ ಹತ್ತಿರವಿದ್ದನೆಂಬುದು ಈಗ ತಿಳಿಯುತ್ತದೆ. ಆದರೆ ತಪ್ಪು ಯಾರದೆಂಬುದು ಅಷ್ಟರಿಂದಲೇ ತಿಳಿಯುವುದಿಲ್ಲ. 2021ರ ಜೂನಿನಲ್ಲಿ ಗೋಬೇರ್ ಇದ್ದ ಯೂಟಾ ತಂಡದ ವಿರುದ್ಧ ಲಾಸ್ ಏಂಜಲಿಸ್ ಕ್ಲಿಪ್ಪರ್ಸ್ ದೂರದಿಂದ ಗುರಿಯಿಡಬಲ್ಲ ಐವರನ್ನು ನಿಲ್ಲಿಸಿತು. ಮುಂದಿನ ರಕ್ಷಕರು ಸೋತಾಗಲೆಲ್ಲ ಗೋಬೇರ್ ಬುಟ್ಟಿಯನ್ನು ಕಾಯಲು ಒಳಗೆ ಓಡಬೇಕು. ಆಗ ಮೂಲೆಯಲ್ಲಿ ಅವರು ಬಿಟ್ಟುಬಂದ ಆಟಗಾರನಿಗೆ ಚೆಂಡು ಹೋಗುತ್ತಿತ್ತು. ಸರಣಿಯ ಕೊನೆಯ ಪಂದ್ಯದಲ್ಲಿ ಟೆರೆನ್ಸ್ ಮ್ಯಾನ್ 39 ಅಂಕ ಗಳಿಸಿದರು; 25 ಅಂಕಗಳಿಂದ ಮುಂದಿದ್ದ ಯೂಟಾ ಸೋತಿತು. ಬಾಗಿಲು ತೆರೆದವರು ಬೇರೆ. ಕಳವಿನ ಆರೋಪ ಬಂದದ್ದು ಮನೆ ಕಾಯುತ್ತಿದ್ದವನ ಮೇಲೆ.

ಅದೃಷ್ಟದ ಪಾತ್ರವನ್ನೂ ಮರೆಯುವಂತಿಲ್ಲ. ಮೂರಂಕದ ಗೆರೆಯಾಚೆಯಿಂದ ಎದುರಾಳಿ ಎಸೆಯುವ ಚೆಂಡುಗಳ ಸಂಖ್ಯೆಯನ್ನು ರಕ್ಷಣೆ ಕಡಿಮೆ ಮಾಡಬಲ್ಲದು. ಎಸೆದವುಗಳಲ್ಲಿ ಎಷ್ಟು ಬಿದ್ದವು ಎಂಬುದರ ಮೇಲೆ ಅದಕ್ಕಿರುವ ಹಿಡಿತ ಬಹಳ ಕಡಿಮೆ. ಕೆಲವು ವಾರ ಎದುರಾಳಿಗಳ ಗುರಿ ತಪ್ಪಿದರೆ ಸಾಧಾರಣ ರಕ್ಷಕನೂ ವೀರನಾಗಿ ತೋರುತ್ತಾನೆ. ಆಕ್ರಮಣದ ಅಂಕಿಗಳು ಬೇಗ ನೆಲೆಗೊಳ್ಳುತ್ತವೆ. ರಕ್ಷಣೆಯ ಅಂಕಿಗಳಿಗೆ ಹಲವು ಸಾಲುಗಳೇ ಬೇಕಾಗಬಹುದು. ಆದ್ದರಿಂದ ಒಬ್ಬನ ಆಕ್ರಮಣದ ಬೆಲೆ 3, ರಕ್ಷಣೆಯ ಬೆಲೆ 3 ಎಂದು ಪಟ್ಟಿಯಲ್ಲಿ ಬರೆದಿದ್ದರೆ, ಮೊದಲನೆಯದನ್ನು ನಂಬಿದಷ್ಟು ಎರಡನೆಯದನ್ನು ನಂಬಬಾರದು. ಅಂಕಿ ಒಂದೇ ಆದರೂ ಅದರ ಬೆನ್ನಿಗಿರುವ ಸಾಕ್ಷ್ಯ ಒಂದೇ ಅಲ್ಲ.

ಈ ಮಾತನ್ನು ಹೇಳುವಾಗ ನನಗೆ ಆ ಎತ್ತರದ ಹುಡುಗನ ನೆನಪಾಗುತ್ತದೆ. ಇಂದಿನ ಶಾಸ್ತ್ರ ಅಂದು ನನ್ನ ಕೈಯಲ್ಲಿದ್ದರೆ ಅವನನ್ನು ಉಳಿಸಿಕೊಳ್ಳುತ್ತಿದ್ದೆನೆ? ಪ್ರಾಮಾಣಿಕವಾಗಿ ಹೇಳುವುದಾದರೆ, ಇಲ್ಲ. 5 ಪಂದ್ಯಗಳ ಲೆಕ್ಕದಿಂದ ಯಾವ ಗಣಿತವೂ ಒಬ್ಬ ರಕ್ಷಕನ ಬೆಲೆಯನ್ನು ಖಚಿತವಾಗಿ ಹೇಳಲಾರದು. ಅದು ಅವನನ್ನು ಸರಾಸರಿಯ ಪಕ್ಕದಲ್ಲೇ ನಿಲ್ಲಿಸುತ್ತಿತ್ತು. ಆದರೆ ಒಂದು ಕೆಲಸ ಮಾಡಬಹುದಾಗಿತ್ತು. ಅವನು ಒಳಗೆ ಬಂದಾಗ, ಹೊರಗೆ ಹೋದಾಗ ಎದುರಾಳಿಯ ಅಂಕ ಎಷ್ಟಿತ್ತೆಂದು ಹಾಳೆಯ ಅಂಚಿನಲ್ಲಿ ಬರೆದಿಟ್ಟಿದ್ದರೆ, ಆರಿಸುವವರು ಅದನ್ನು ಕಂಡು ಒಂದು ಪ್ರಶ್ನೆಯನ್ನಾದರೂ ಕೇಳುತ್ತಿದ್ದರೇನೋ; ಅವನೊಡನೆ ಆಡಿದವರನ್ನೂ ಅವನಿಗೆ ಎದುರಾಗಿ ಆಡಿದವರನ್ನೂ ವಿಚಾರಿಸುತ್ತಿದ್ದರೇನೋ. 1962ರಲ್ಲಿ ರಸೆಲ್ ಅವರ ಬೆಲೆಯನ್ನು ಹೇಳಿದ್ದು ಅವರೇ ಅಲ್ಲವೆ? ಇಂದು ಯಾವುದಾದರೂ ಊರಿನ ಪಂದ್ಯದಲ್ಲಿ ಮೇಜಿನ ಮುಂದೆ ಕುಳಿತು ಲೆಕ್ಕ ಬರೆಯುವ ಎಳೆಯರು ಈ ಮಾತನ್ನು ಕೇಳುತ್ತಿದ್ದರೆ, ಹಾಳೆಯ ಅಂಚಿನಲ್ಲಿ ಅಷ್ಟು ಜಾಗ ಬಿಟ್ಟುಕೊಳ್ಳಿ ಎಂಬುದು ನನ್ನ ವಿನಂತಿ.