‘ವೆಲ್‌ಫೇರ್’ ಎಂದರೇನು?

ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯವರಿಗೆ ‘ವೆಲ್‌ಫೇರ್’ ಹೊಸ ಪದವಲ್ಲ. ಸಿಮೆಂಟ್ ಕಾರ್ಖಾನೆಯಲ್ಲಿ ವೆಲ್‌ಫೇರ್ ಆಫೀಸರ್, ಕಟ್ಟಡ ಕಾರ್ಮಿಕರಿಗೆ ವೆಲ್‌ಫೇರ್ ಬೋರ್ಡ್ ಎಂದು ನೀವೂ ಕೇಳಿರುತ್ತೀರಿ. ಆದರೆ ಯಾರೋ ಕರುಣೆಯಿಂದ ಕೊಡುವ ನೆರವು ಎಂದೇ ಹಲವರು ಅದನ್ನು ತಿಳಿದಿದ್ದಾರೆ.

ಇಂಗ್ಲಿಷಿನಲ್ಲಿ ‘ವೆಲ್’ ಎಂದರೆ ಚೆನ್ನಾಗಿ, ‘ಫೇರ್’ ಎಂದರೆ ಸಾಗುವುದು. ಬದುಕು ಚೆನ್ನಾಗಿ ಸಾಗುವುದೇ ವೆಲ್‌ಫೇರ್. ಕನ್ನಡದಲ್ಲಿ ಕ್ಷೇಮ, ಕಲ್ಯಾಣ. ಉರ್ದುವಿನಲ್ಲಿ ಫಲಾಹ್, ಬೆಹಬೂದ್. ‘ವೆಲ್‌ಬೀಯಿಂಗ್’ ಎಂದರೆ ಚೆನ್ನಾಗಿರುವ ಸ್ಥಿತಿ. ಅದಕ್ಕಾಗಿ ಮಾಡುವ ಏರ್ಪಾಡಿಗೆ ಹೆಚ್ಚಾಗಿ ‘ವೆಲ್‌ಫೇರ್’ ಎನ್ನುತ್ತಾರೆ.

1948ರ ಕಾರ್ಖಾನೆ ಕಾಯ್ದೆಯಲ್ಲಿ 5ನೇ ಅಧ್ಯಾಯದ ಹೆಸರೇ ವೆಲ್‌ಫೇರ್ ಎಂದಿತ್ತು. ಅದರ ಮೊದಲ ಕಲಂ, ಅಂದರೆ 42ನೆಯದು, ತೊಳೆದುಕೊಳ್ಳುವ ಸೌಕರ್ಯದ ಬಗ್ಗೆ ಇತ್ತು. ಅದು ಸಾಕಷ್ಟಿರಬೇಕು, ಶುಚಿಯಾಗಿರಬೇಕು, ಹೆಂಗಸರಿಗೆ ಮರೆಯಿರುವ ಬೇರೆ ಜಾಗ ಇರಬೇಕು ಎಂದು ಅದು ಹೇಳುತ್ತಿತ್ತು. ಬಟ್ಟೆ ಇಡುವ ಸ್ಥಳ, ಪ್ರಥಮ ಚಿಕಿತ್ಸೆ, ಕ್ಯಾಂಟೀನ್ ಎಲ್ಲ ಆಮೇಲೆ ಬರುತ್ತಿದ್ದವು. 2020ರ ಕಾರ್ಮಿಕ ಸುರಕ್ಷತಾ ಸಂಹಿತೆಯ ವೆಲ್‌ಫೇರ್ ಪಟ್ಟಿಯಲ್ಲೂ ತೊಳೆಯುವ ಸೌಕರ್ಯ ಸೇರಿದೆ.

ಇದಕ್ಕೆ ಕಾರಣವಿದೆ. ಹಸಿ ಸಿಮೆಂಟ್ ತೀವ್ರ ಕ್ಷಾರ; ಮೈಗೆ ಅಂಟಿಕೊಂಡೇ ಇದ್ದರೆ ಚರ್ಮ ಸುಡುತ್ತದೆ. ಸಿಮೆಂಟಿನದಾಗಲಿ, ಕಲ್ಲು ಕೊಯ್ಯುವಾಗಿನದಾಗಲಿ, ಬಟ್ಟೆಗೆ ಹತ್ತಿದ ಧೂಳು ಮನೆಗೆ ಬಂದು ಮಕ್ಕಳ ಉಸಿರಿಗೂ ಸೇರುತ್ತದೆ. ಆದ್ದರಿಂದ ಕೈಕಾಲು ಮುಖ ತೊಳೆದು, ಬಟ್ಟೆ ಬದಲಿಸಿಯೇ ಕೆಲಸದ ಜಾಗ ಬಿಡಿ. ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವಬೇಡಿ, ಬೇರೆಯಾಗಿಯೇ ಒಗೆಯಿರಿ.

ಕಾರ್ಖಾನೆಯಲ್ಲಿ ನಳ ಕೆಟ್ಟಿದ್ದರೆ, ನೀರಿಲ್ಲದಿದ್ದರೆ ಸಂಕೋಚವಿಲ್ಲದೆ ಕೇಳಿ. ಅದು ನಿಮ್ಮ ಹಕ್ಕು.