ಕೂಲಿಗಳ ವಕೀಲೆ ಸೆರೆಮನೆಯಲ್ಲಿ

ರಾಶಿ ಮುಗಿಯಿತೆಂದರೆ ಔರಾದ, ಭಾಲ್ಕಿ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಗಂಟುಮೂಟೆ ಹೊತ್ತವರು ಬೀದರಿನ ಬಸ್ ನಿಲ್ದಾಣದಲ್ಲಿ ಹೈದರಾಬಾದ್, ಪುಣೆ, ಮುಂಬೈ ಗಾಡಿಗಾಗಿ ಕಾಯುತ್ತಾರೆ. ಗಡಿ ದಾಟಿಸಿ ಕರೆದೊಯ್ಯುವ ಗುತ್ತೇದಾರ ಲೈಸೆನ್ಸ್ ಪಡೆದಿರಬೇಕು, ಪ್ರತಿ ಕೂಲಿಗೂ ಭಾವಚಿತ್ರವಿರುವ ಪಾಸ್‌ಬುಕ್ ಕೊಡಬೇಕು ಎಂದು 1979ರಲ್ಲೇ ಕಾಯಿದೆ ಬಂದಿತ್ತು. ಆ ಪಾಸ್‌ಬುಕ್ ಕಂಡವರು ಎಷ್ಟು ಮಂದಿಯೋ! ಪುಸ್ತಕದಲ್ಲಿನ ಕಾಯಿದೆ ಕೂಲಿಯ ಕೈಗೆ ದಕ್ಕಬೇಕಾದರೆ ನಡುವೆ ಒಬ್ಬ ವಕೀಲರು ಬೇಕು. ಆ ವಕೀಲರೇ ಸೆರೆಮನೆ ಸೇರಿದರೆ?

ಸುಧಾ ಭಾರದ್ವಾಜ್ ಅವರ ಬದುಕಿನಲ್ಲಿ ಆದದ್ದು ಇದೇ. ಅವರ ತಾಯಿ, ಹೆಸರಾಂತ ಅರ್ಥಶಾಸ್ತ್ರಜ್ಞೆ ಕೃಷ್ಣಾ ಭಾರದ್ವಾಜ್, ನಮ್ಮ ಕಾರವಾರದಲ್ಲಿ ಹುಟ್ಟಿದವರು. ಸುಧಾ ಹುಟ್ಟಿದ್ದು 1961ರಲ್ಲಿ, ಅಮೆರಿಕದಲ್ಲಿ. ಓದಿದ್ದು ಕಾನ್ಪುರದ ಐ.ಐ.ಟಿ.ಯಲ್ಲಿ ಗಣಿತ. ಮಕ್ಕಳಿಗಾಗಿ ತಂದೆತಾಯಿಗಳು ಹರಕೆ ಹೊರುವುದು ಇಂಥದಕ್ಕೇ ತಾನೆ? ಸುಧಾ ಅಮೆರಿಕದ ಪೌರತ್ವವನ್ನು ತಾವಾಗಿಯೇ ಬಿಟ್ಟುಕೊಟ್ಟರು. ಐ.ಐ.ಟಿ. ಪದವಿ ಹಿಡಿದು ನಡೆದದ್ದು ಛತ್ತೀಸಗಡದ ದಲ್ಲಿ ರಾಜಹರಾ ಗಣಿಗಳ ಕಡೆಗೆ. ಅಲ್ಲಿ ಶಂಕರ್ ಗುಹಾ ನಿಯೋಗಿ ಕಾರ್ಮಿಕರನ್ನು ಸಂಘಟಿಸುತ್ತಿದ್ದರು. 1991ರಲ್ಲಿ ನಿಯೋಗಿ ಕೊಲೆಯಾದರು. ಸಂಘದ ಮೊಕದ್ದಮೆಗಳು ಮಾತ್ರ ಉಳಿದವು. ಕಾರ್ಮಿಕರ ಒತ್ತಾಯಕ್ಕೆ ಸುಧಾ ಮತ್ತೆ ವಿದ್ಯಾರ್ಥಿನಿಯಾದರು. ನಲವತ್ತರ ಹೊಸ್ತಿಲಲ್ಲಿ, 2000ದಲ್ಲಿ, ಕಾನೂನು ಪದವಿ ಪಡೆದರು. ಬಿಲಾಸಪುರದ ಹೈಕೋರ್ಟಿನಲ್ಲಿ ಗುತ್ತಿಗೆ ಕಾರ್ಮಿಕರ, ಭೂಮಿ ಕಳೆದುಕೊಂಡ ಆದಿವಾಸಿಗಳ ಪರ ವಾದಿಸಿದರು.

2018ರ ಆಗಸ್ಟ್ 28ರಂದು, ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಅವರ ಬಂಧನವಾಯಿತು. ಮಾವೋವಾದಿಗಳ ನಂಟಿದೆ ಎಂಬುದು ಪೊಲೀಸರ ಆರೋಪ. ಸುಧಾ ಅದನ್ನು ಅಲ್ಲಗಳೆದರು. ಎರಡು ತಿಂಗಳ ಗೃಹಬಂಧನದ ಬಳಿಕ ಪುಣೆಯ ಯರವಡಾ ಸೆರೆಮನೆ, ಆಮೇಲೆ ಮುಂಬೈನ ಬೈಕುಲಾ. ನಮ್ಮ ಕೂಲಿಗಳು ಗಾಡಿ ಹತ್ತಿ ಹೋಗುವುದೂ ಇವೇ ಊರುಗಳಿಗೆ. ಒಳಗಿದ್ದ ಬಡ ಹೆಂಗಸರಲ್ಲಿ ಅನೇಕರಿಗೆ ತಮ್ಮ ಮೊಕದ್ದಮೆ ಎಲ್ಲಿಗೆ ಬಂತೆಂಬುದೇ ತಿಳಿಯದು. ಅವರಿಗಾಗಿ ಸುಧಾ ಕೈಬರಹದಲ್ಲಿ ಅರ್ಜಿಗಳನ್ನು ಬರೆದರು. ಕರಿಕೋಟು ಹೋಗಿತ್ತು, ಕಸಬು ಹೋಗಿರಲಿಲ್ಲ.

ಯು.ಎ.ಪಿ.ಎ. ಕಾಯಿದೆಯಡಿ ಜಾಮೀನು ಬಲು ದುರ್ಲಭ. ಆದರೆ ಆರೋಪಪಟ್ಟಿ ಸಲ್ಲಿಸಲು 90 ದಿನಗಳ ಗಡುವಿದೆ. ಅದನ್ನು ವಿಸ್ತರಿಸುವ ಅಧಿಕಾರ ಎಲ್ಲ ನ್ಯಾಯಾಲಯಗಳಿಗೂ ಇಲ್ಲ. ಸುಧಾ ಪ್ರಕರಣದಲ್ಲಿ ಗಡುವು ವಿಸ್ತರಿಸಿದ ಪುಣೆಯ ನ್ಯಾಯಾಲಯಕ್ಕೆ ಆ ಅಧಿಕಾರ ಇರಲಿಲ್ಲವೆಂದು ಬಾಂಬೆ ಹೈಕೋರ್ಟ್ 2021ರ ಡಿಸೆಂಬರ್ 1ರಂದು ತೀರ್ಪಿತ್ತಿತು. ಡಿಸೆಂಬರ್ 9ರಂದು ಅವರು ಹೊರಬಂದಾಗ ಮೂರು ವರ್ಷ ಮೀರಿತ್ತು. ವಿಚಾರಣೆ ಇನ್ನೂ ಆರಂಭವಾಗಿರಲಿಲ್ಲ. ಅನುಮತಿಯಿಲ್ಲದೆ ಮುಂಬೈ ಬಿಡಕೂಡದೆಂಬ ಷರತ್ತಿತ್ತು. ಛತ್ತೀಸಗಡದ ಕಕ್ಷಿದಾರರು, ಮಗಳು, ಎಲ್ಲರೂ ದೂರದಲ್ಲೇ ಉಳಿದರು.