ಶಾಲೆಯಿಂದ ಬಂದ ಚೀಟಿ ಯಾರ ಹೆಸರಿಗೆ?

“ಬರುವ ಶನಿವಾರ ಬೆಳಿಗ್ಗೆ ಪಾಲಕರ ಸಭೆ ಇದೆ. ತಪ್ಪದೆ ಹಾಜರಾಗಬೇಕು.”

ಮಗುವಿನ ಡೈರಿಯೊಳಗೆ ಮಡಚಿಟ್ಟ ಇಂತಹ ಚೀಟಿ ವರ್ಷದಲ್ಲಿ ಕೆಲವು ಸಲವಾದರೂ ಮನೆಗೆ ಬರುತ್ತದೆ. ಆ ಚೀಟಿಯ ಗತಿ ಏನಾಗುತ್ತದೆ? ಕೆಲವು ಮನೆಗಳಲ್ಲಿ ಅದು ಬ್ಯಾಗಿನ ತಳದಲ್ಲಿ ಪೆನ್ಸಿಲ್ ಸಿಪ್ಪೆಯ ಜೊತೆಗೇ ಉಳಿದುಬಿಡುತ್ತದೆ. ಕೆಲವು ಮನೆಗಳಲ್ಲಿ ತಾಯಿ ಓದಿ, “ನಿನ್ನ ಅಬ್ಬ ಹೋಗಲಿ” ಎನ್ನುತ್ತಾಳೆ. ಅಬ್ಬ ಅಂಗಡಿ ಬಿಟ್ಟು ಬರುವಂತಿಲ್ಲ, ಇಲ್ಲವೇ ಗಲ್ಫ್‌ನಲ್ಲಿದ್ದಾರೆ. ಕೊನೆಗೆ ಯಾರೂ ಹೋಗುವುದಿಲ್ಲ. ಮರುದಿನ ಟೀಚರ್ “ನಿಮ್ಮ ಮನೆಯಿಂದ ಯಾರೂ ಬರಲಿಲ್ಲವೇ?” ಎಂದು ಕೇಳಿದಾಗ ಮಗು ತಲೆ ತಗ್ಗಿಸುತ್ತದೆ.

ತಾಯಂದಿರು ಹೋಗದಿರಲು ಕಾರಣಗಳಿಲ್ಲ ಎಂದಲ್ಲ. ತೊಡೆಯ ಮೇಲೆ ಕೈಗೂಸು, ಒಲೆಯ ಮೇಲೆ ಅಡುಗೆ, ಮನೆಯಲ್ಲಿ ವಯಸ್ಸಾದ ಅತ್ತೆ. ಇವೆಲ್ಲಕ್ಕಿಂತ ದೊಡ್ಡದು ಒಳಗಿನ ಅಳುಕು: “ನನಗೆ ಕನ್ನಡ ಸರಿಯಾಗಿ ಬರುವುದಿಲ್ಲ. ನಾನು ಐದನೇ ತರಗತಿಗೇ ಬಿಟ್ಟವಳು. ಅಲ್ಲಿ ಹೋಗಿ ಏನು ಮಾತಾಡಲಿ?” ಮನೆಯಲ್ಲಿ ಬ್ಯಾರಿ, ಉರ್ದು, ನವಾಯತಿ ಮಾತಾಡುವ ಎಷ್ಟೋ ಮಹಿಳೆಯರಲ್ಲಿ ಈ ಅಳುಕಿದೆ. ಆದರೆ ಆ ಮಗು ಯಾವ ಪಾಠಕ್ಕೆ ತಡವರಿಸುತ್ತದೆ, ಯಾವ ಗೆಳತಿಯ ಜೊತೆ ಮುನಿಸಿಕೊಂಡಿದೆ, ಬೆಳಿಗ್ಗೆ ಏನೂ ತಿನ್ನದೆ ಏಕೆ ಹೊರಟಿತು ಎಂಬುದು ತಾಯಿಗಲ್ಲದೆ ಬೇರೆ ಯಾರಿಗೆ ಗೊತ್ತು? ಆ ಚೀಟಿ ನಿಜವಾಗಿ ಬಂದಿರುವುದು ಅವಳ ಹೆಸರಿಗೆ.

ಹೆಸರು ಬರೆಸುವ ದಿನ

ಮೇ ಕೊನೆಗೆ ಅಥವಾ ಜೂನ್ ಮೊದಲಿಗೆ ನಮ್ಮ ಸರಕಾರಿ ಶಾಲೆಗಳಲ್ಲಿ ಪ್ರಾರಂಭೋತ್ಸವ ನಡೆಯುತ್ತದೆ. ಬಾಗಿಲಿಗೆ ತೋರಣ ಕಟ್ಟಿ, ಸಿಹಿ ಹಂಚಿ, ಉಚಿತ ಪಠ್ಯಪುಸ್ತಕ ಕೊಟ್ಟು ಮಕ್ಕಳನ್ನು ಬರಮಾಡಿಕೊಳ್ಳುತ್ತಾರೆ. ಒಂದನೇ ತರಗತಿಗೆ ಸೇರುವ ಮಗುವಿನ ತಾಯಿ ಅಂದು ತಪ್ಪದೆ ಹೋಗಬೇಕು. ಮಗುವಿನ ಅಳು ನಿಲ್ಲಿಸಲು ಮಾತ್ರವಲ್ಲ, ದಾಖಲಾತಿ ವಹಿಯಲ್ಲಿ ಹೆಸರು ಸರಿಯಾಗಿ ಬರೆಯಿಸಲು.

ನಮ್ಮ ಹೆಸರುಗಳ ಪಾಡು ಎಲ್ಲರಿಗೂ ಗೊತ್ತಿರುವುದೇ. ಜನನ ಪ್ರಮಾಣಪತ್ರದಲ್ಲಿ ‘ಫಾತಿಮಾ’, ಆಧಾರ್‌ನಲ್ಲಿ ‘ಫಾತಿಮತ್’, ಶಾಲೆಯಲ್ಲಿ ‘ಪಾತುಮ್ಮ’. ತಂದೆಯ ಹೆಸರಿನ ಹಿಂದೆ ಒಂದು ಕಡೆ ‘ಮುಹಮ್ಮದ್’ ಪೂರ್ತಿ, ಇನ್ನೊಂದು ಕಡೆ ಬರೀ ‘ಎಂ.ಡಿ.’. ಅಂದು ಯಾರೂ ಇದನ್ನು ಗಮನಿಸುವುದಿಲ್ಲ. ಆದರೆ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೆಸರೂ ಜನ್ಮದಿನಾಂಕವೂ ಹೋಗುವುದು ಶಾಲೆಯ ದಾಖಲೆಯಿಂದಲೇ. ವಿದ್ಯಾರ್ಥಿ ವೇತನದ ಅರ್ಜಿ, ಪಾಸ್‌ಪೋರ್ಟ್, ಕಾಲೇಜು ಪ್ರವೇಶ ಎಲ್ಲ ಕಡೆಯೂ ಆ ಒಂದಕ್ಷರದ ವ್ಯತ್ಯಾಸ ಕಾಡುತ್ತದೆ. ತಡವಾದ ಮೇಲೆ ತಿದ್ದಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬರುವುದೂ ಉಂಟು. ಆದ್ದರಿಂದ ಮೂಲ ದಾಖಲೆ ಕೈಯಲ್ಲಿ ಹಿಡಿದುಕೊಂಡು ಹೋಗಿ, ಬರೆದದ್ದನ್ನು ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ.

ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. 2009ರಲ್ಲಿ ಬಂದ ಈ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಸಭೆಯಲ್ಲಿ ಏನು ಕೇಳಬೇಕು?

“ನನ್ನ ಮಗು ಹೇಗೆ ಓದುತ್ತಿದೆ?” ಎಂದು ಕೇಳಿದರೆ “ಪರವಾಗಿಲ್ಲ” ಎಂಬ ಉತ್ತರ ಸಿಗುತ್ತದೆ. ಅಲ್ಲಿಗೆ ಮಾತು ಮುಗಿಯುತ್ತದೆ. ಪ್ರಶ್ನೆ ನಿರ್ದಿಷ್ಟವಾಗಿದ್ದರೆ ಉತ್ತರವೂ ನಿರ್ದಿಷ್ಟವಾಗಿರುತ್ತದೆ. ಪಾಠವನ್ನು ತಡವರಿಸದೆ ಓದುತ್ತಾಳೆಯೇ? ಕೇಳಿ ಬರೆಯುವಾಗ ಎಲ್ಲಿ ತಪ್ಪುತ್ತಾಳೆ? ಲೆಕ್ಕದಲ್ಲಿ ದಶಕ ಕಳೆಯಲು ಬರುತ್ತದೆಯೇ? ತರಗತಿಯಲ್ಲಿ ಬಾಯಿ ಬಿಡುತ್ತಾಳೆಯೇ? ಬೋರ್ಡು ಕಾಣುತ್ತದೆಯೇ? ತಿಂಗಳಲ್ಲಿ ಎಷ್ಟು ದಿನ ತಪ್ಪಿಸಿಕೊಂಡಿದ್ದಾಳೆ?

ಈಗ ಅಂಕಪಟ್ಟಿಯೂ ಹಿಂದಿನಂತಿಲ್ಲ. ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಮಕ್ಕಳ ಬಾಯಲ್ಲಿ ಅವು ಎಫ್‌.ಎ., ಎಸ್‌.ಎ. ಮೊದಲಿನದು ಪಾಠ ನಡೆಯುತ್ತಿರುವಾಗಲೇ ಮಗು ಎಲ್ಲಿ ಎಡವುತ್ತಿದೆ ಎಂದು ನೋಡಿಕೊಳ್ಳುವ ಕ್ರಮ. ಎರಡನೆಯದು ಅರ್ಧ ವರ್ಷದ, ಪೂರ್ತಿ ವರ್ಷದ ಪರೀಕ್ಷೆ. ಎಫ್‌.ಎ. ಮುಗಿದ ಕೂಡಲೇ ತಾಯಿ ವಿಚಾರಿಸಿದರೆ ಸರಿಪಡಿಸಲು ಸಮಯವಿರುತ್ತದೆ. ಮಾರ್ಚ್‌ನಲ್ಲಿ ವಿಚಾರಿಸಿದರೆ ಬೇಸರ ಮಾತ್ರ ಉಳಿಯುತ್ತದೆ.

ಕೆಳ ತರಗತಿಯ ಮಕ್ಕಳಿಗೆ ‘ನಲಿ–ಕಲಿ’ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾಗಿ ಆ ಮೇಲೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹರಡಿದ ಕ್ರಮವಿದು. ಮಕ್ಕಳು ಗುಂಪುಗಳಲ್ಲಿ ಕುಳಿತು, ಕಾರ್ಡುಗಳ ಮೂಲಕ, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. “ಬರೀ ಆಟ ಆಡಿಸುತ್ತಾರೆ, ಹೋಂವರ್ಕೇ ಇಲ್ಲ” ಎಂದು ಮನೆಯಲ್ಲಿ ಗೊಣಗುವ ಬದಲು ಒಂದು ದಿನ ತರಗತಿಗೇ ಹೋಗಿ ನೋಡಿದರೆ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದು ಗೋಡೆಯ ಮೇಲಿನ ಚಾರ್ಟಿನಲ್ಲೇ ಕಾಣುತ್ತದೆ.

ಕನ್ನಡ ಸರಿಯಾಗಿ ಬಾರದ ತಾಯಿ ಪಕ್ಕದ ಮನೆಯಾಕೆಯನ್ನೋ ದೊಡ್ಡ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಲಿ. ತಾಯಿಯ ಮಾತಿನಲ್ಲಿರುವ ವ್ಯಾಕರಣ ನೋಡಿ ಯಾವ ಟೀಚರೂ ಅಂಕ ಕೊಡುವುದಿಲ್ಲ.

ಊಟ, ಮೊಟ್ಟೆ, ಮಾತ್ರೆ

ಅಕ್ಷರ ದಾಸೋಹದ ಬಿಸಿಯೂಟ ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಿಂದ ಶುರುವಾಗಿ ಆ ಮೇಲೆ ಎಲ್ಲೆಡೆ ವಿಸ್ತರಿಸಿತು. ಐದನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟರವರೆಗಿನ ಮಗುವಿಗೆ 150 ಗ್ರಾಂ ಅಕ್ಕಿ ಅಥವಾ ಧಾನ್ಯ ಎಂಬುದು ನಿಯಮ. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2021ರಲ್ಲಿ ಕೆಲವು ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿ ಅನಂತರ ಇಡೀ ರಾಜ್ಯಕ್ಕೆ ವಿಸ್ತರಿಸಿದರು. ತಿನ್ನದವರಿಗೆ ಬಾಳೆಹಣ್ಣು. ಇದು ದಾನವಲ್ಲ, ಮಗುವಿನ ಹಕ್ಕು. ಊಟದ ಮೇಲೆ ಪಾಲಕರು, ಅದರಲ್ಲೂ ತಾಯಂದಿರು ಕಣ್ಣಿಡಬೇಕೆಂದು ಯೋಜನೆಯ ಮಾರ್ಗಸೂಚಿಯೇ ಹೇಳುತ್ತದೆ. ತಿಂಗಳಿಗೊಮ್ಮೆ ನಾಲ್ವರು ತಾಯಂದಿರು ಊಟದ ಹೊತ್ತಿಗೆ ಹೋಗಿ ಅನ್ನ ಬೆಂದಿದೆಯೇ, ಸಾಂಬಾರಿನಲ್ಲಿ ತರಕಾರಿ ಇದೆಯೇ, ಕುಡಿಯುವ ನೀರಿನ ಟ್ಯಾಂಕು ತೊಳೆದಿದ್ದಾರೆಯೇ ಎಂದು ನೋಡಿ ಬಂದರೆ ಸಾಕು. ಅಡುಗೆ ಮಾಡುವವರೂ ನಮ್ಮಂತಹ ತಾಯಂದಿರೇ. ಚೆನ್ನಾಗಿದ್ದರೆ ಒಂದು ಒಳ್ಳೆಯ ಮಾತು ಹೇಳಿ ಬನ್ನಿ.

ಶಾಲೆಗೆ ಆರೋಗ್ಯ ತಂಡವೂ ಬರುತ್ತದೆ. ದೃಷ್ಟಿದೋಷ, ರಕ್ತಹೀನತೆ, ಹಲ್ಲಿನ ತೊಂದರೆಗಳನ್ನು ನೋಡುತ್ತಾರೆ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ವರ್ಷಕ್ಕೆ ಎರಡು ಬಾರಿ ಜಂತುಹುಳದ ಮಾತ್ರೆ ಕೊಡುತ್ತಾರೆ. ಇಲ್ಲೊಂದು ಹಳೆಯ ಪ್ರಸಂಗ ನೆನಪಿಸಿಕೊಳ್ಳಬೇಕು. 2017ರ ಫೆಬ್ರವರಿಯಲ್ಲಿ ರಾಜ್ಯದಾದ್ಯಂತ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ–ರುಬೆಲ್ಲಾ ಲಸಿಕೆ ಹಾಕಲಾಯಿತು. ಆಗ ಮೊಬೈಲಿನಲ್ಲಿ ಹರಿದಾಡಿದ ವದಂತಿಗಳನ್ನು ನಂಬಿ ಮಕ್ಕಳನ್ನು ಶಾಲೆಗೇ ಕಳುಹಿಸದ ಪಾಲಕರಿದ್ದರು. ದಡಾರ ಮಕ್ಕಳ ಜೀವಕ್ಕೇ ಎರವಾಗಬಲ್ಲ ರೋಗ. ಗರ್ಭಿಣಿಗೆ ರುಬೆಲ್ಲಾ ತಗಲಿದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಅಪಾಯ. ವದಂತಿ ಏಕೆ ಗೆದ್ದಿತು? ಶಾಲೆಗೂ ಮನೆಗೂ ಮಾತುಕತೆಯೇ ಇಲ್ಲದ ಕಡೆ ಮೂರನೆಯವರ ಮಾತಿಗೆ ಬೆಲೆ ಬರುತ್ತದೆ. ಟೀಚರ್‌ನ ಮುಖ ಪರಿಚಯವಿದ್ದ ತಾಯಿ ನೇರವಾಗಿ ಹೋಗಿ ಕೇಳುತ್ತಾಳೆ.

ಸಮಿತಿಯಲ್ಲಿ ನಮ್ಮ ಕುರ್ಚಿ

ಎಸ್‌ಡಿಎಂಸಿ ಎಂಬ ಹೆಸರನ್ನು ಎಲ್ಲರೂ ಕೇಳಿರುತ್ತೇವೆ. ಅದು ಊರಿನ ಗಣ್ಯರ ಸಮಿತಿ, ನಮಗಲ್ಲ ಎಂದುಕೊಂಡವರೇ ಹೆಚ್ಚು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಕರ್ನಾಟಕ 2001ರಲ್ಲಿಯೇ ರಚಿಸಿತು. ಆಮೇಲೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂತಹ ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆತಾಯಿ ಅಥವಾ ಪೋಷಕರೇ ಇರಬೇಕು. ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಅವಕಾಶವಂಚಿತ ಮತ್ತು ದುರ್ಬಲ ವರ್ಗದ ಮಕ್ಕಳ ಪಾಲಕರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನವಿರಬೇಕು.

ಅಂದರೆ ಆ ಕೋಣೆಯಲ್ಲಿ ತಾಯಂದಿರಿಗಾಗಿ ಕುರ್ಚಿ ಹಾಕಿಟ್ಟಿದ್ದಾರೆ. ನಾವು ಕುಳಿತುಕೊಳ್ಳದಿದ್ದರೆ ಹೆಸರು ಮಾತ್ರ ಪುಸ್ತಕದಲ್ಲಿರುತ್ತದೆ, ಸಹಿ ಹಾಕಲು ವಹಿಯೇ ಮನೆಗೆ ಬರುತ್ತದೆ, ತೀರ್ಮಾನ ಬೇರೆ ಯಾರದೋ ಆಗಿರುತ್ತದೆ. ಶಾಲೆಯ ಕೆಲಸಕಾರ್ಯ ನೋಡುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಎಲ್ಲಿಗೆ ಹೋಯಿತೆಂದು ನೋಡುವುದು ಈ ಸಮಿತಿಯ ಕೆಲಸ. ಹೆಣ್ಣು ಮಕ್ಕಳ ಶೌಚಾಲಯಕ್ಕೆ ಚಿಲಕವಿಲ್ಲ, ನೀರಿಲ್ಲ ಎಂಬುದು ಗಂಡಸರ ಸಭೆಯಲ್ಲಿ ಎಷ್ಟು ಸಲ ಚರ್ಚೆಗೆ ಬಂದೀತು? ಹೇಳಿಕೊಳ್ಳಲಾಗದೆ ಹುಡುಗಿಯರು ಶಾಲೆಗೆ ತಪ್ಪಿಸಿಕೊಳ್ಳುವುದು ಎಷ್ಟೋ ಸಲ ಇದೇ ಕಾರಣಕ್ಕೆ. ಅದನ್ನು ಹೇಳಬಲ್ಲವಳು ತಾಯಿ.

ವೇದಿಕೆಯ ಮೇಲೆ ನಮ್ಮ ಮಕ್ಕಳು

ಮಳೆಗಾಲ ಮುಗಿಯುವ ಹೊತ್ತಿಗೆ ಪ್ರತಿಭಾ ಕಾರಂಜಿಯ ಗದ್ದಲ ಶುರುವಾಗುತ್ತದೆ. ಶಾಲೆಯಿಂದ ಕ್ಲಸ್ಟರ್, ಅಲ್ಲಿಂದ ತಾಲೂಕು, ಜಿಲ್ಲೆ, ರಾಜ್ಯ. ಕಂಠಪಾಠ, ಕಥೆ ಹೇಳುವುದು, ಚಿತ್ರಕಲೆ, ಧಾರ್ಮಿಕ ಪಠಣ ಹೀಗೆ ಹಲವು ಸ್ಪರ್ಧೆಗಳಿವೆ. ಅರಬಿ ಪಠಣಕ್ಕೂ ಇಲ್ಲಿ ಜಾಗವಿದೆ. ಮದ್ರಸದಲ್ಲಿ ಚೆಂದದ ಕಂಠದಿಂದ ಓದುವ ಮಗು, ಉರ್ದು ಪದ್ಯ ಹೇಳುವ ಮಗು ಹಿಂಜರಿಯಬೇಕಾಗಿಲ್ಲ. ಕನ್ನಡದ ಕಥೆ ಹೇಳಲೂ ಅದೇ ಮಗುವನ್ನು ಮುಂದೆ ಬಿಡಿ. ಬಹುಮಾನ ಬರಲಿ, ಬಿಡಲಿ, ನೂರು ಜನರ ಎದುರು ನಡುಗದೆ ನಿಂತ ಮಗು ಮುಂದೆ ಸಂದರ್ಶನದಲ್ಲೂ ನಡುಗುವುದಿಲ್ಲ.

ವಾರ್ಷಿಕೋತ್ಸವ, ಕ್ರೀಡಾಕೂಟಗಳಲ್ಲಿ ಉಡುಪಿನ ವಿಷಯದಲ್ಲಿ ಮುಜುಗರವಿದ್ದರೆ ಮಗಳನ್ನು ಮನೆಯಲ್ಲೇ ಕೂರಿಸಬೇಡಿ. ಎರಡು ವಾರ ಮೊದಲೇ ಹೋಗಿ ಟೀಚರ್ ಜೊತೆ ಮಾತಾಡಿ. ಕಡೆಯ ದಿನ ಗೈರುಹಾಜರಾದ ಮಗುವಿಗೆ ಮುಂದಿನ ವರ್ಷ ಪಾತ್ರವೇ ಸಿಗುವುದಿಲ್ಲ.

ಏಳರ ನಂತರದ ಕವಲು

ಇಷ್ಟೆಲ್ಲ ಹೇಳುವುದರ ಹಿಂದೆ ಒಂದು ದೊಡ್ಡ ಚಿಂತೆಯಿದೆ. 2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿ, 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು ಶಾಲೆಯ ಮುಖವನ್ನೇ ನೋಡದವರು ಅಥವಾ ಅರ್ಧದಲ್ಲಿ ಬಿಟ್ಟವರು ಎಂದು ತೋರಿಸಿತು. ಆ ಮಕ್ಕಳು ಇಂದು ತಾಯಿ ತಂದೆಯರಾಗಿದ್ದಾರೆ. ಸಭೆಗೆ ಹೋಗಲು ಅಳುಕುವವರಲ್ಲಿ ಅವರೂ ಇದ್ದಾರೆ.

ಶಾಲೆ ಬಿಡುವುದು ಒಂದೇ ದಿನದಲ್ಲಿ ಆಗುವ ಕೆಲಸವಲ್ಲ. ಐದು ಮುಗಿದಾಗ, ಏಳೋ ಎಂಟೋ ಮುಗಿದಾಗ ಶಾಲೆ ಬದಲಾಗುತ್ತದೆ. ಹೊಸ ಶಾಲೆ ದೂರ, ಬಸ್ಸು ಹತ್ತಬೇಕು, ಪರಿಚಯದವರಿಲ್ಲ. ‘ಈ ರಜೆ ಕಳೆಯಲಿ, ನೋಡೋಣ’ ಎನ್ನುತ್ತಲೇ ಜೂನ್ ಕಳೆಯುತ್ತದೆ. ಹುಡುಗ ಗ್ಯಾರೇಜಿಗೆ, ಹುಡುಗಿ ಅಡುಗೆ ಮನೆಗೆ. ಹಿಂದಿನ ಜನವರಿಯಲ್ಲೇ ತಾಯಿ ಮುಖ್ಯೋಪಾಧ್ಯಾಯರ ಬಳಿ ಹೋಗಿ ಕೇಳಿದ್ದರೆ ಯಾವ ಹೈಸ್ಕೂಲು, ಯಾವ ಬಸ್ಸು, ಜೊತೆಗೆ ಯಾರ ಮಕ್ಕಳು ಹೋಗುತ್ತಾರೆ, ಯಾವ ಹಾಸ್ಟೆಲಿದೆ ಎಂಬುದೆಲ್ಲ ತಿಳಿಯುತ್ತಿತ್ತು. ವರ್ಗಾವಣೆ ಪತ್ರವನ್ನು ಕೇಳಿದ ಕೂಡಲೇ ಕೊಡಬೇಕೆಂಬುದು ಕಾನೂನು. ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂಬುದೂ ಕಾನೂನೇ. ಒಂದು ವರ್ಷ ಮನೆಯಲ್ಲಿ ಕುಳಿತ ಮಗಳಿಗೂ ಬಾಗಿಲು ಮುಚ್ಚಿಲ್ಲ.

ಅಡುಗೆ ಮನೆಯ ಗೋಡೆಗೊಂದು ಪಟ್ಟಿ

ದಿನಾಂಕಗಳು ಶಾಲೆಯಿಂದ ಶಾಲೆಗೆ ತುಸು ಬದಲಾಗಬಹುದು. ಕೇಳಿ ಬರೆದುಕೊಳ್ಳಿ.

ಮೇ ಕೊನೆ–ಜೂನ್: ಪ್ರಾರಂಭೋತ್ಸವ, ದಾಖಲಾತಿ, ಪುಸ್ತಕ–ಸಮವಸ್ತ್ರ ವಿತರಣೆ.

ಆಗಸ್ಟ್: 15ರಂದು ಧ್ವಜಾರೋಹಣ. ಮಗುವಿನ ಜೊತೆ ನೀವೂ ಹೋಗಿ. ಇದೇ ತಿಂಗಳಲ್ಲಿ ಜಂತುಹುಳದ ಮಾತ್ರೆ.

ಸೆಪ್ಟೆಂಬರ್–ಅಕ್ಟೋಬರ್: 5ರಂದು ಶಿಕ್ಷಕರ ದಿನ, ಅರ್ಧ ವಾರ್ಷಿಕ ಪರೀಕ್ಷೆ, ದಸರಾ ರಜೆ. ರಜೆ ಮುಗಿದ ಮೇಲೆ ಫಲಿತಾಂಶ ಕೇಳಲು ಹೋಗಲೇಬೇಕು.

ನವೆಂಬರ್: 1 ಕನ್ನಡ ರಾಜ್ಯೋತ್ಸವ. 11 ರಾಷ್ಟ್ರೀಯ ಶಿಕ್ಷಣ ದಿನ. ದೇಶದ ಮೊದಲ ಶಿಕ್ಷಣ ಸಚಿವ ಮೌಲಾನಾ ಅಬುಲ್ ಕಲಾಂ ಆಝಾದ್ ಹುಟ್ಟಿದ ದಿನವದು. 14 ಮಕ್ಕಳ ದಿನ. ಪಂಚಾಯಿತಿಯ ಮಕ್ಕಳ ಗ್ರಾಮಸಭೆ ಯಾವಾಗ ಎಂದು ವಿಚಾರಿಸಿ.

ಡಿಸೆಂಬರ್–ಜನವರಿ: ಪ್ರವಾಸ, ಕ್ರೀಡಾಕೂಟ, ವಾರ್ಷಿಕೋತ್ಸವ. ಮುಂದಿನ ಶಾಲೆಯ ವಿಚಾರಣೆ.

ಫೆಬ್ರವರಿ–ಮಾರ್ಚ್: ಮತ್ತೆ ಜಂತುಹುಳದ ಮಾತ್ರೆ, ವಾರ್ಷಿಕ ಪರೀಕ್ಷೆಯ ತಯಾರಿ. ರಮಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2025ರಿಂದೀಚೆಗೆ ಅದು ಈ ತಿಂಗಳುಗಳಲ್ಲಿ ಬರುತ್ತಿದೆ. ಪರೀಕ್ಷೆಯ ವೇಳಾಪಟ್ಟಿ ನೋಡಿಕೊಂಡ ಮೇಲೆಯೇ ಈದ್‌ಗೆ ತವರಿಗೆ ಹೋಗುವ ದಿನ ಗೊತ್ತು ಮಾಡಿ. ಸಹರಿಗೆ ಎಚ್ಚರಗೊಂಡ ಮಕ್ಕಳಿಗೆ ರಾತ್ರಿ ಬೇಗ ಮಲಗಲು ಬಿಡಿ.

ಏಪ್ರಿಲ್: ಫಲಿತಾಂಶ, ವರ್ಗಾವಣೆ ಪತ್ರ.

ಶಾಲೆಯೂ ಯೋಚಿಸಲಿ. ಕೂಲಿಗೆ, ಬೀಡಿ ಎಲೆಗೆ ಕೈ ಹಾಕಿದ ತಾಯಿಯನ್ನು ಬೆಳಿಗ್ಗೆ ಹತ್ತಕ್ಕೆ ಕರೆದರೆ ಅವಳ ಅಂದಿನ ದುಡಿಮೆ ಹೋಗುತ್ತದೆ. ಸಂಜೆಯ ಒಂದು ಗಂಟೆ, ಕೈಗೂಸಿನ ತಾಯಿಗೆ ಕೂರಲೊಂದು ಚಾಪೆ, ಬಂದವರಿಗೆ ಒಂದು ಮುಗುಳ್ನಗೆ, ಇಷ್ಟಾದರೆ ಮುಂದಿನ ಸಭೆಗೆ ಇನ್ನಷ್ಟು ತಾಯಂದಿರು ಬರುತ್ತಾರೆ. ಮನೆಯ ಗಂಡಸರೂ ಆ ಒಂದು ಗಂಟೆ ಮಗುವನ್ನು ಎತ್ತಿಕೊಳ್ಳಲಿ.

ಸಹೋದರಿಯರೇ, ಮದುವೆ ಮನೆಗೆ ಹೋಗಲು ನಾವು ನಾಲ್ಕು ಮನೆಯವರು ಸೇರಿ ಒಂದು ಆಟೋ ಮಾಡುತ್ತೇವೆ. ಪಾಲಕರ ಸಭೆಗೂ ಹಾಗೆಯೇ ಹೊರಡೋಣ. ಇಂದು ರಾತ್ರಿ ಮಗುವಿನ ಬ್ಯಾಗ್ ತೆರೆದು ನೋಡಿ. ಒಂದು ಚೀಟಿ ಅಲ್ಲಿ ಕಾಯುತ್ತಿರಬಹುದು.